ಕೆಮ್ಮು ಕತ್ತರಿಸಿದ ಪಾಡ್‌ಕಾಸ್ಟ್

“ಏನ್ಲಾ, ನಿಮ್ಮಾವುನ್ನ ಸಾಯಿಸ್ಬುಟ್ಯಲ್ಲೋ!” ಎಂದು ಗುಬ್ಬಿ ಊರಿನ ನನ್ನ ಸೋದರತ್ತೆ ಇಯರ್‌ಫೋನ್ ಕಿತ್ತೆಸೆದರು. ಮಾವ ಪಕ್ಕದಲ್ಲೇ ಕೂತು ಕಾಫಿ ಹೀರುತ್ತಿದ್ದರು.

ನನ್ನ ಪಾಡ್‌ಕಾಸ್ಟಿಗಾಗಿ ಅತ್ತೆ ತಮ್ಮ ಮದುವೆಯ ಕಥೆಯನ್ನು ನಗುನಗುತ್ತಾ ಹೇಳಿದ್ದರು. ಮಾವ ಉದ್ದಕ್ಕೂ ಕೆಮ್ಮುತ್ತಾ, “ಅಂಗಲ್ಲ ಕಣೇ” ಎಂದು ತಿದ್ದುತ್ತಿದ್ದರು. ತುಮಕೂರಿನ ರೂಮಿನಲ್ಲಿ ಕೂತು, ಮಹಾ ಕಲಾವಿದನಂತೆ ನಾನು ಅತ್ತೆಯ ನಗು, ಮಾವನ ಕೆಮ್ಮು-ಮಾತು, ಆ ಗಲಾಟೆಯನ್ನೆಲ್ಲ ಕತ್ತರಿಸಿ, ಕೇಳುಗರ ಕಣ್ಣು ಒದ್ದೆಯಾಗಲೆಂದು ಹಿನ್ನೆಲೆಗೆ ಶೋಕದ ಪಿಟೀಲು ಸೇರಿಸಿದ್ದೆ.

ಅತ್ತೆಯ ಕೂಗಿಗೆ ಗಾಬರಿಯಾದ ಮಾವ ಇಯರ್‌ಫೋನನ್ನು ತಮ್ಮ ಕಿವಿಗಿಟ್ಟುಕೊಂಡರು. ಪೂರ್ತಿ ಕೇಳಿ ಕಣ್ಣೊರೆಸಿಕೊಂಡು, “ಪಾಪ, ಒಳ್ಳೇ ಮನ್ಸ ಕಣೋ. ಏನಾಗಿತ್ತಂತೆ?” ಎಂದರು.

ಅಂದೇ ಪಿಟೀಲು ತೆಗೆದುಹಾಕಿದೆ. ಈಗ ಅತ್ತೆಯ ಕಥೆಗೆ ಮಾವನ ಕೆಮ್ಮೇ ಹಿನ್ನೆಲೆ ಸಂಗೀತ. ತಾಳ ತಪ್ಪುತ್ತದೆ, ಆದರೆ ಅತ್ತೆಯ ಮುತ್ತೈದೆತನಕ್ಕಂತೂ ಮೋಸವಿಲ್ಲ.