ಅಕ್ಕ ಓದಿದ್ದು, ನಾನು ಓದಿದ್ದು

ಹುಕ್ಕೇರಿಯಲ್ಲಿರುವ ನನ್ನ ಅಕ್ಕ ಆ ಇಂಗ್ಲಿಷ್ ಕಾದಂಬರಿಯನ್ನು ಕೈಗಿಡುವಾಗ ಹೇಳಿದ್ದು ಇಷ್ಟೇ: "ದೆವ್ವದ ಕಥಿ ಐತಿ. ಒಬ್ಬಾಕಿ ಇದ್ದಾಗ ಓದಬ್ಯಾಡ." ನಾನು ಗೋಕಾಕದಿಂದ ಮೂಡಲಗಿಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಶಿಕ್ಷಕಿ. ಹಾಗಾಗಿ ಬಸ್ಸಿನಲ್ಲೇ, ತುಂಬಿದ ಜನರ ನಡುವೆ, ಓದತೊಡಗಿದೆ.

ಮೊದಲ ಪುಟಗಳು ಸರಳವಾಗಿದ್ದವು. ಗಂಡ ಹೆಂಡತಿ ಹೊಸ ಮನೆಗೆ ಬರುತ್ತಾರೆ. ಹೆಂಡತಿ ಮನೆಯೊಳಗೇ ಕಾಣೆಯಾಗುತ್ತಾಳೆ. ಗಂಡ ಹುಡುಕಲು ಹೊರಟಂತೆ ಅಕ್ಷರಗಳು ಪುಟದ ಮೂಲೆಗೆ ಸರಿದವು. ಒಂದು ಕಡೆ ಸಾಲುಗಳು ಸುರುಳಿ ಸುತ್ತಿದ್ದವು, ಪುಸ್ತಕವನ್ನು ತಿರುಗಿಸುತ್ತಲೇ ಓದಬೇಕು. ನಡುವಿಗೆ ಬಂದರೆ ಬರೀ ಖಾಲಿ ಪುಟಗಳು. ಮುದ್ರಣದ ತಪ್ಪೋ, ಬೇಕೆಂದೇ ಬಿಟ್ಟದ್ದೋ? ತಿಳಿಯದೆ ಮತ್ತೆ ಸುರುಳಿಯ ಪುಟಕ್ಕೇ ಹಿಂದಿರುಗಿದೆ.

ಆ ಸಂಜೆ ಶಾಲೆ ಮುಗಿಸಿ ಮನೆಗೆ ಬರುವಾಗ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತಡೆಯಲಾರದೆ ಕೇಳಿದಳು: "ಯಾಕ್ರೀ ಬಾಯಾರ, ಪುಸ್ತಕ ಉಲ್ಟಾ ಹಿಡದೀರಲ್ಲ?"

"ಹಿಂಗ ಬರದಾರ್ರಿ."

"ಹಿಂಗ ಬರದರ ಓದೂದು ಹೆಂಗ್ರಿ?"

"ನನಗೂ ತಿಳಿವಲ್ದರಿ."

ತಲೆಯೆತ್ತಿದರೆ ನಾನು ಇಳಿಯಬೇಕಿದ್ದ ಗೋಕಾಕ ಹಿಂದೆ ಉಳಿದು, ಬಸ್ಸು ಮಮದಾಪುರವನ್ನೂ ದಾಟಿತ್ತು. ಅಂಕಲಗಿಯಲ್ಲಿ ಇಳಿದು ಮರಳುವ ಬಸ್ಸಿಗೆ ಕಾಯುತ್ತ ನಿಂತೆ. ಇನ್ನೂ ಬಿಸಿಲಿತ್ತು. ಆದರೂ ಯಾವ ಊರಿನಲ್ಲಿದ್ದೇನೆಂದು ಒಂದು ಕ್ಷಣ ಹೊಳೆಯದೆ ಅಂಗಡಿಗಳ ಬೋರ್ಡು ಓದಿ ನೋಡಿದೆ.

ಭಾನುವಾರ ಪುಸ್ತಕ ಹಿಡಿದು ಹುಕ್ಕೇರಿಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಕಡೀಕ ಆ ಹೆಂಡ್ತಿ ಸಿಗ್ತಾಳೇನು?" ಎಂದೆ.

"ಹೆಂಡ್ತಿಗೆ ಏನಾಗೇತಿ? ಕಳದಾಂವ ಗಂಡ ಅಲ್ಲೇನು?"

"ಗಂಡ ಹುಡುಕಾಕತ್ತಾನ ಅಕ್ಕಾ!"

"ಹುಚ್ಚಿ, ನೀ ಖರೇನ ಓದೀಯೇನು?"

ಮಾತು ಜಗಳದ ಹತ್ತಿರ ಹೋಯಿತು. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು, ಪುಸ್ತಕ ಕಸಿದುಕೊಂಡು, ಹಿಂದಿನ ರಟ್ಟಿನಿಂದ ತಲೆಕೆಳಗಾಗಿ ತೆರೆದಳು. ಅಲ್ಲೂ ಅದೇ ಹೆಸರು, ಅದೇ ಮನೆ. ಕಳೆದುಹೋದವನು ಮಾತ್ರ ಗಂಡ, ಹುಡುಕುವವಳು ಹೆಂಡತಿ. ಇಬ್ಬರೂ ಒಂದೊಂದು ತುದಿಯಿಂದ ಓದಿ, ನಡುವಿನ ಖಾಲಿ ಪುಟಗಳನ್ನು ಕಂಡು ಅಲ್ಲಿಗೇ ನಿಲ್ಲಿಸಿದ್ದೆವು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಭಾವ, "ಹಂಗಾರ ಮನ್ಯಾಗ ಉಳದಾವ್ರು ಯಾರು?" ಎಂದರು.

ಊಟವಾದ ಮೇಲೆ ಪಡಸಾಲೆಯಲ್ಲಿ ಎದುರುಬದುರು ಕುಳಿತೆವು. ನನ್ನ ಕಡೆಯ ಒಂದು ಪುಟ ನಾನು, ಅವಳ ಕಡೆಯದೊಂದು ಅವಳು, ಗಟ್ಟಿಯಾಗಿ ಓದಿದೆವು. ನನ್ನ ಪುಟದಲ್ಲಿ ಗಂಡ ಗೋಡೆ ಬಡಿದ. ಅವಳ ಪುಟದಲ್ಲಿ ಹೆಂಡತಿ ಬೆಚ್ಚಿ, ಆ ಸದ್ದಿಗೆ ಹೆದರಿ ಇನ್ನೂ ಒಳಗೆ ಓಡಿದಳು. ಅಕ್ಕ ಆ ಸಾಲನ್ನು ಎರಡು ಸಲ ಓದಿದಳು.

ಖಾಲಿ ಪುಟಗಳು ಬಂದಾಗ ಓದಲು ಏನೂ ಇರಲಿಲ್ಲ. ಆದರೂ ಅವನ್ನು ಇಬ್ಬರೂ ಕೂಡಿ ಒಂದೊಂದಾಗಿ ತಿರುವಿದೆವು.

ಗಂಡ ಹೆಂಡತಿ ಅಲ್ಲಿ ಭೇಟಿಯಾದರು ಎಂದು ಅಕ್ಕ ಈಗಲೂ ಫೋನಿನಲ್ಲಿ ವಾದಿಸುತ್ತಾಳೆ. ಒಮ್ಮೊಮ್ಮೆ ಹೌದೆನ್ನುತ್ತೇನೆ, ಫೋನ್ ಇಟ್ಟ ಮೇಲೆ ಇಲ್ಲವೆನಿಸುತ್ತದೆ.