ಒಂದು ಪ್ಲೇಟು ಹೆಚ್ಚು, ಒಂದು ಪ್ಲೇಟು ಕಮ್ಮಿ

ಓಟದ ಕಾರಿನಿಂದ ಇಳಿದು ಹೆಲ್ಮೆಟ್ ತೆಗೆದಾಗ ನಮ್ಮ ಅತ್ತಿಗೆಯ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೂ ಇಳಿದಿರುತ್ತಿತ್ತು. ಅದನ್ನು ಒರೆಸಿಕೊಳ್ಳುವ ಮೊದಲೇ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿರುತ್ತಿತ್ತು: "ಇದಿ ಕಾದು ನಾಯನಾ." ಇದಲ್ಲಪ್ಪ. ಚಿಂತಾಮಣಿಯ ತವರಿನ ತೆಲುಗು ಅವರ ಬಾಯಿಗೆ ಬರುತ್ತಿದ್ದದ್ದು ಕಾರು ಮಾತು ಕೇಳದಾಗ.

ಅತ್ತಿಗೆ ಶಿಡ್ಲಘಟ್ಟದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದರು. ನಲವತ್ತು ದಾಟಿದ ಮೇಲೆ ಒಂದು ಹಳೆಯ ಕಾರು ಕೊಂಡು, ತಮ್ಮ ಸೀಟೊಂದು ಬಿಟ್ಟು ಮಿಕ್ಕ ಸೀಟು ಗೀಟು ಎಲ್ಲ ಕಿತ್ತು ಓಟಕ್ಕೆ ಸಜ್ಜು ಮಾಡಿದರು. ಭಾನುವಾರ ಬಂತೆಂದರೆ ಗೌರಿಬಿದನೂರಿನ ಆಚೆ, ಪರಿಚಯದವರೊಬ್ಬರು ತಮ್ಮ ಜಮೀನಿನಲ್ಲಿ ಡಾಂಬರು ಹಾಕಿಸಿದ್ದ ಟ್ರ್ಯಾಕಿಗೆ ನಮ್ಮ ಸವಾರಿ. ಓಡಿಸುವುದು ಅವರು, ಕಾರಿನ ಕೆಳಗೆ ಮಲಗುವುದು ನಾನು. ಅಣ್ಣ ಹುಣಸೆಮರದ ನೆರಳಲ್ಲಿ ಪೇಪರ್ ಓದುತ್ತಿದ್ದ.

ತಕರಾರೆಲ್ಲ ಹಿಂದಿನ ಸ್ಪ್ರಿಂಗಿನದು. ಉಕ್ಕಿನ ಪ್ಲೇಟುಗಳನ್ನು ಒಂದರ ಕೆಳಗೊಂದು ಜೋಡಿಸಿ ಕಟ್ಟಿದ ಕಮಾನು ಅದು. ಪ್ಲೇಟು ಸೇರಿಸಿದರೆ ಗಟ್ಟಿಯಾಗಿ, ತಿರುವಿನಲ್ಲಿ ಕಾರು ವಾಲುವುದಿಲ್ಲ. ಆದರೆ ಹಿಂಭಾಗ ಜಾರುತ್ತದೆ. ತೆಗೆದರೆ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಕಾರು ತೂಗಾಡುತ್ತದೆ. ಹಾಕು, ತೆಗೆ, ಹಾಕು, ತೆಗೆ. ಪ್ರತಿ ಸಲವೂ ಎರಡೂ ಕಡೆ ಜಾಕ್ ಕೊಡಬೇಕು, ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಬೇಕು. ನನ್ನ ಬೆರಳ ಗಿಣ್ಣುಗಳ ಚರ್ಮ ಮಾಯಲೇ ಇಲ್ಲ.

ಹಳೆಯ ಕಾರುಗಳ ಪಂದ್ಯದ ಹಿಂದಿನ ದಿನ, ಕೊನೆಗೂ ಎಲ್ಲ ಮುಗಿಯಿತೆಂದು ಕೈ ತೊಳೆದುಕೊಂಡಿದ್ದೆ. ಅತ್ತಿಗೆ ಒಂದು ಸುತ್ತು ಹಾಕಿ ಬಂದರು.

"ಒಂದು ಪ್ಲೇಟು ಬಿಚ್ಚಪ್ಪ."

ನಾನು ಸ್ಪ್ಯಾನರ್ ಎಸೆದೆ. "ಏನು ಬೇಕು ಅಂತ ನಿಮಗೇ ಗೊತ್ತಿಲ್ಲ ಅತ್ತಿಗೆ!"

"ಗೊತ್ತಿದ್ದಿದ್ರೆ ನಿನ್ನ ಯಾಕೆ ಹಿಂಗೆ ಸಾಯಿಸ್ತಿದ್ದೆ? ಏನು ಬೇಡ ಅಂತ ಗೊತ್ತು ಕಣೋ. ಇದು ಬೇಡ."

ಬಿಚ್ಚಿದೆ. ಮಾರನೆಯ ದಿನ ಕಾರು ಎಲ್ಲೂ ಜಾರಲಿಲ್ಲ. ಆದರೆ ಪ್ರತಿ ತಿರುವಿನಲ್ಲೂ ಒಂದು ಕಡೆಗೆ ಒರಗಿ, ನೆಟ್ಟಗಾಗುವಷ್ಟರಲ್ಲಿ ಹಿಂದಿನವರು ಮುಂದಾಗುತ್ತಿದ್ದರು. ಕೊನೆಯವರಿಗಿಂತ ಒಂದು ಸ್ಥಾನ ಮೇಲೆ ಬಂದೆವು. ಚಹಾ ಕುಡಿಯುತ್ತಾ ಅತ್ತಿಗೆ, "ಬಿಚ್ಚಿದ್ದು ಜಾಸ್ತಿ ಆಯ್ತು," ಎಂದರು. ನಾನು ಲೋಟ ಕೆಳಗಿಟ್ಟು ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ. ಅವರೇ ಮುಂದುವರಿಸಿದರು: "ಪೂರ್ತಿ ಪ್ಲೇಟು ಬೇಡ. ಗಿಡ್ಡದ್ದು ಒಂದು ಹಾಕಣ. ಅರ್ಧ ಗಟ್ಟಿ ಬರ್ತದೆ."

ಗಿಡ್ಡ ಪ್ಲೇಟು ಚಿಂತಾಮಣಿಯ ಲಾರಿ ಗ್ಯಾರೇಜಿನಿಂದ ಬರುವಷ್ಟರಲ್ಲಿ ಅತ್ತಿಗೆ ಇರಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಬೇರಿಂಗ್ ತೋರಿಸುತ್ತಿದ್ದವರು ಹಾಗೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಚಿಕ್ಕಬಳ್ಳಾಪುರದ ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು.

ಕಾರು ಮಾರಿಬಿಡೋಣ ಎಂದು ಅಣ್ಣ ಎರಡು ಸಲ ಹೇಳಿದ, ಮೂರನೆಯ ಸಲ ಹೇಳಲಿಲ್ಲ. ತಿಂಗಳುಗಳಾದ ಮೇಲೆ ಒಂದು ಭಾನುವಾರ ಆ ಪ್ಲೇಟು ಕೂಡಿಸಿದೆ. ಮೊದಲ ಸಲ ಅಣ್ಣ ಜಾಕ್ ಹಿಡಿದ. ಅತ್ತಿಗೆಯ ಸೀಟಿನಲ್ಲಿ ಕೂತು ಓಡಿಸಿದೆ. ನನಗಂತೂ ಇಷ್ಟು ಸಾಕಿತ್ತು. ಯಾರು ನೋಡಿದರೂ ಚೆನ್ನಾಗಿದೆ ಎನ್ನುತ್ತಿದ್ದರು. ಎರಡನೆಯ ಸುತ್ತಿನ ಎಡತಿರುವಿನಲ್ಲಿ ಮಾತ್ರ ಹಿಂದಿನ ಚಕ್ರ ಒಂದು ಕ್ಷಣ ಹಿಡಿತ ಬಿಟ್ಟು, ಮತ್ತೆ ಹಿಡಿಯಿತು.

ಇಳಿದೆ. "ಹೆಂಗೈತೋ?" ಎಂದ ಅಣ್ಣ, ಮುಖವನ್ನೇ ನೋಡುತ್ತಾ.

"ಇದಲ್ಲ. ಇನ್ನೂ ಸ್ವಲ್ಪ ಗಟ್ಟಿ ಜಾಸ್ತಿ."

"ಅಯ್ಯೋ, ಮತ್ತೆ ಬಿಚ್ಚಬೇಕೇನೋ!" ಎಂದು ಗೊಣಗುತ್ತಾ ಅಣ್ಣ ಜಾಕ್ ತರಲು ಹೋದ.