ಫೋನಿಗೆ ಕಾಣದ ಕಂಬಳಿ

ಅಂತರ್ಜಾಲದಲ್ಲಿ ಹುಡುಕಿದರೆ ಸಿಗದ ವಸ್ತು ಈ ಭೂಮಂಡಲದಲ್ಲೇ ಇಲ್ಲ. ಹನುಮಸಾಗರದ ನನ್ನ ಕಂಬಳಿ ಅಂಗಡಿಯೊಂದನ್ನು ಬಿಟ್ಟು. ಊರಿನ ಮಗ್ಗಗಳು ನಿಲ್ಲಬಾರದೆಂದು, ದೂರದ ಗಿರಾಕಿಗಳಿಗಾಗಿ ವೆಬ್‌ಸೈಟ್ ಮಾಡಿಸಿದ್ದೆ. ಕಂಪ್ಯೂಟರ್ ಅಕ್ಷರಕ್ಕೆ ಗಾಂಭೀರ್ಯ ಸಾಲದೆಂದು ಎಲ್ಲವನ್ನೂ ಬೋರ್ಡ್ ಪೇಂಟರ್‌ನಿಂದ ಬರೆಸಿ, ಫೋಟೋ ತೆಗೆಸಿ ಹಾಕಿಸಿದ್ದೆ. ಆರು ತಿಂಗಳು ಸರ್ಚ್ ಎಂಜಿನ್‌ಗಳಿಗೂ ಅಂಗಡಿಗಳ ಪಟ್ಟಿ ಕೊಡುವ ಡೈರೆಕ್ಟರಿಗಳಿಗೂ ಅರ್ಜಿ ಹಾಕಿದರೂ, ಹುಡುಕಿದಾಗ ನನ್ನ ಅಂಗಡಿಯ ಹೆಸರು ಬರಲಿಲ್ಲ.

ಕಂಬಳಿ ಕೊಳ್ಳಲು ಬಂದ ಯಲಬುರ್ಗಾದ ಮಾಸ್ತರರೊಬ್ಬರ ಮುಂದೆ ಗೋಳು ತೋಡಿಕೊಂಡೆ. ಅವರಿಗೆ ಕಣ್ಣು ಕಾಣದು; ಫೋನೇ ಎಲ್ಲವನ್ನೂ ಓದಿ ಹೇಳುತ್ತದೆ. ನನ್ನ ವೆಬ್‌ಸೈಟ್ ತೆರೆದರು. ಫೋನು "ಚಿತ್ರ, ಚಿತ್ರ, ಚಿತ್ರ" ಎಂದು ಸುಮ್ಮನಾಯಿತು.

"ಯಜಮಾನ್ರ, ಇದರಾಗ ಕಂಬಳಿ ಅನ್ನೋ ಅಕ್ಷರಾನ ಇಲ್ಲಲ್ರಿ!"

"ಇಷ್ಟ ದೊಡ್ಡದಾಗಿ ಬರಸೇನಲ್ರಿ ಸರ!"

"ಅದು ಫೋಟೋ. ಹುಡುಕೋ ಯಂತ್ರಾನೂ ನನ್ನಂಗ ಕುರುಡ ಐತ್ರಿ. ಟೈಪ್ ಮಾಡ್ರಿ," ಎಂದು ನಕ್ಕರು.

ಅಂದೇ ಕೂತೆ. ಅಳತೆ, ಉಣ್ಣೆಯ ಬಣ್ಣ, ಊರು, ನೇಯ್ದವರ ಹೆಸರು, ಎಲ್ಲವನ್ನೂ ಒಂದೇ ಬೆರಳಿನಲ್ಲಿ ನಾಲ್ಕು ದಿನ ಟೈಪ್ ಮಾಡಿದೆ. ಯಲಬುರ್ಗಾದಿಂದ ಮಾಸ್ತರರು ಕರೆ ಮಾಡಿ, ತಮ್ಮ ಫೋನು ಎಲ್ಲವನ್ನೂ ಪೂರ್ತಿ ಓದಿತೆಂದು ಹೇಳುವವರೆಗೂ ನಾನು ಬಿಡಲಿಲ್ಲ.

ಈಗ "ಹನುಮಸಾಗರ ಕಂಬಳಿ" ಎಂದು ಹುಡುಕಿದರೆ ನಮ್ಮ ಅಂಗಡಿ ಮೂರನೆಯದಾಗಿ ಬರುತ್ತದೆ.